ಅದಲುಬದಲು ಅರ್ಜಿ

ಗಾಜಿಪುರ, ಕಲಬುರಗಿ
12 ಮಾರ್ಚ್ 1996

ಭಾಗಕ್ಕನಿಗೆ ಪುತಳಾಬಾಯಿಯ ಶರಣು.

ಹೆಸರು ನೋಡಿ ಯಾರಿವಳು ಎನ್ನಬೇಡ. ನರ್ಸಿಂಗ್ ಟ್ರೇನಿಂಗಿನಲ್ಲಿ ನಿನಗಿಂತ ಎರಡು ವರ್ಷ ಹಿಂದೆ ಇದ್ದವಳು, ಹಾಸ್ಟೆಲಿನಲ್ಲಿ ನಿನ್ನ ಕೊಬ್ಬರಿ ಎಣ್ಣೆ ಕದ್ದು ಹಚ್ಚಿಕೊಂಡು ಸಿಕ್ಕಿಬಿದ್ದವಳು. ಈಗ ನಾವಿಬ್ಬರೂ ಸಿದ್ಧಮಲ್ಲ ಟ್ರಸ್ಟಿನ ಅನ್ನವನ್ನೇ ತಿನ್ನುತ್ತಿದ್ದೇವೆ. ನೀನು ಕಮಲಾಪುರದ ಸಣ್ಣ ದವಾಖಾನೆಯಲ್ಲಿ, ನಾನು ಕಲಬುರಗಿಯ ದೊಡ್ಡ ದವಾಖಾನೆಯ ಕ್ಯಾಜುಯಲ್ಟಿಯಲ್ಲಿ.

ಸುತ್ತಿ ಬಳಸಿ ಬರೆಯುವ ವ್ಯವಧಾನ ನನಗಿಲ್ಲ. ನಮ್ಮ ಟ್ರಸ್ಟಿನಲ್ಲಿ ಒಂದು ನಿಯಮವಿದೆ. ಇಬ್ಬರು ನರ್ಸುಗಳು ಒಪ್ಪಿ ಒಂದೇ ಅರ್ಜಿಗೆ ಸಹಿ ಹಾಕಿದರೆ ಜೂನ್ ತಿಂಗಳಲ್ಲಿ ಅವರ ಜಾಗ ಅದಲುಬದಲು ಮಾಡುತ್ತಾರೆ. ಇಬ್ಬರ ಮೇಲೂ ವಿಚಾರಣೆ ಇರಬಾರದು, ಅಷ್ಟೇ. ನಿನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಎಂದೂ ಅವಳ ಓದಿಗಾಗಿ ನೀನು ಕಲಬುರಗಿಗೆ ಬರಬೇಕೆಂದಿದ್ದೀಯೆಂದೂ ನಮ್ಮ ಸ್ಟೋರಿನಿಂದ ಔಷಧಿ ಒಯ್ಯಲು ಬಂದ ನಿಮ್ಮ ಜೀಪಿನ ನಬಿಸಾಬ್ ಹೇಳಿದ. ನನಗೆ ಕಮಲಾಪುರ ಬೇಕು. ನಿನಗೆ ಕಲಬುರಗಿ ಬೇಕು. ಇನ್ನೇನು ತಡ?

ಕ್ಯಾಜುಯಲ್ಟಿ ಒಳ್ಳೆಯ ಜಾಗ. ಗಾಳಿ ಬೆಳಕು ಚೆನ್ನಾಗಿದೆ. ಕಲಿಯುವುದಕ್ಕೆ ಬಹಳ ಇದೆ. ಉತ್ತರ ಬೇಗ ಬರೆ.

ನಿನ್ನ
ಪುತಳಾಬಾಯಿ

*

ಕಮಲಾಪುರ
20 ಮಾರ್ಚ್ 1996

ಪ್ರೀತಿಯ ಪುತಳಾಗೆ ಭಾಗಮ್ಮನ ಆಶೀರ್ವಾದ.

ಎಣ್ಣೆ ಕದ್ದವಳನ್ನು ಮರೆಯಲು ಸಾಧ್ಯವೇ. ಕಾಗದ ಓದಿ ಸಂತೋಷವಾಯಿತು. ನಬಿಸಾಬ್ ಹೇಳಿದ್ದು ನಿಜ. ಜಗದೇವಿ ಸೈನ್ಸ್ ಓದುತ್ತೇನೆ, ಅದೂ ಕಲಬುರಗಿಯ ಕಾಲೇಜಿನಲ್ಲೇ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅವಳಪ್ಪ, "ಹುಡುಗೀನ ಹಾಸ್ಟೆಲ್‌ನ್ಯಾಗ ಬಿಡಂಗಿಲ್ಲ, ನೀ ಅಲ್ಲಿದ್ರ ಮಾತು ಬ್ಯಾರೆ" ಅಂದುಬಿಟ್ಟಿದ್ದಾರೆ. ಅಲ್ಲಿಗೆ ನನಗೆ ವರ್ಗವಾದರೆ ಮಾತ್ರ ಅವಳ ಓದು, ಇಲ್ಲದಿದ್ದರೆ ಮದುವೆಯ ಮಾತು ಶುರುವಾಗುತ್ತದೆ.

ಕಮಲಾಪುರ ನಿನಗೆ ಹಿಡಿಸುತ್ತದೆ. ದಿನಕ್ಕೆ ಮೂವತ್ತು ನಲವತ್ತು ರೋಗಿಗಳು. ಜನ ಮರ್ಯಾದಸ್ಥರು, ತೋಟದ ಕೆಂಪು ಬಾಳೆಹಣ್ಣು ತಂದುಕೊಡುತ್ತಾರೆ. ನಮ್ಮ ಡಾಕ್ಟರು ಬಹಳ ಒಳ್ಳೆಯವರು, ನಮ್ಮ ಯಾವ ಕೆಲಸಕ್ಕೂ ಅಡ್ಡ ಬರುವುದಿಲ್ಲ.

ಸಹಿ ಹಾಕುವ ಮೊದಲು ಒಂದು ಮಾತು ಕೇಳುತ್ತೇನೆ. ಅಲ್ಲಿ ಸುಖ ಇದೆಯೇ? ಗಾಳಿ ಬೆಳಕಿನ ಮಾತು ಬಿಡು. ಆರು ವರ್ಷ ಅಲ್ಲಿದ್ದೀಯ, ಕೆಲಸದಲ್ಲಿ ಸುಖ ಇದೆಯೋ ಇಲ್ಲವೋ ಮುಚ್ಚುಮರೆಯಿಲ್ಲದೆ ಬರೆ. ನಾನು ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯಬೇಕಾದವಳು.

ನಿನ್ನ ಅಕ್ಕ
ಭಾಗಮ್ಮ

*

ಕಲಬುರಗಿ
2 ಏಪ್ರಿಲ್ 1996

ಭಾಗಕ್ಕ,

ಸುಖ ಇದೆಯೇ ಎಂದು ಕೇಳಿದ್ದೀಯ. ಇದೆ ಎಂದು ಬರೆಯಲು ಮೂರು ಸಲ ಕುಳಿತೆ. ಡ್ಯೂಟಿ ಮುಗಿಸಿ ಬಂದು ಕುಳಿತರೆ ಸುಳ್ಳು ಬರೆಯುವಷ್ಟು ಶಕ್ತಿಯೂ ಉಳಿದಿರುವುದಿಲ್ಲ.

ಒಬ್ಬ ರೋಗಿಯ ಹಿಂದೆ ಇಪ್ಪತ್ತು ಜನ ಬರುತ್ತಾರೆ, ಇಪ್ಪತ್ತೂ ಜನ ಮಂಚದ ಸುತ್ತ ನಿಲ್ಲುತ್ತಾರೆ. ಬಿ.ಪಿ. ನೋಡುವ ಯಂತ್ರ ಒಂದೇ, ಅದನ್ನು ಮೇಲಿನ ವಾರ್ಡಿನವರು ಒಯ್ದಿರುತ್ತಾರೆ. ಬ್ಯಾಂಡೇಜು ಕತ್ತರಿಸುವ ಕತ್ತರಿ ಜನವರಿಯಿಂದ ಇಲ್ಲ, ನಾನೂ ನನ್ನ ಜೊತೆಯ ನರ್ಸು ನಜ್ಮಾಳೂ ಬ್ಲೇಡಿನಲ್ಲಿ ಕತ್ತರಿಸುತ್ತೇವೆ. ಇದರ ಮೇಲೆ ನಮ್ಮ ಆಡಳಿತಾಧಿಕಾರಿ ಗುರುಲಿಂಗಪ್ಪನವರು ಹೈದರಾಬಾದಿನಲ್ಲಿ ಮೂರು ದಿನದ ಯಾವುದೋ ಶಿಬಿರ ಮುಗಿಸಿ ಬಂದು ಕ್ಯಾಜುಯಲ್ಟಿಯ ಬಾಗಿಲಿಗೆ ಒಂದು ಬೋರ್ಡು ಹಾಕಿಸಿದ್ದಾರೆ: 'ಸಂತೋಷದ ಸಿಬ್ಬಂದಿ, ಸಂತೋಷದ ರೋಗಿ'. ತಿಂಗಳಿಗೊಮ್ಮೆ ಹೆಚ್ಚು ನಗುವ ನರ್ಸಿಗೆ ಒಂದು ಸ್ಟೀಲ್ ಡಬ್ಬಿ. ಮೊನ್ನೆ ರೌಂಡ್ಸಿಗೆ ಬಂದವರು ನನ್ನ ಮುಖ ನೋಡಿ, "ಪುತಳಾಬಾಯಿ, ಸ್ವಲ್ಪ ನಗ್ರಿ, ನಗಾಕ ಏನು ರೊಕ್ಕ ಬೀಳ್ತಾದೇನು?" ಅಂದರು. ನನ್ನ ಕೈಯಲ್ಲಿ ಒಬ್ಬನ ಹರಿದ ಕಿವಿ ಇತ್ತು. "ಕತ್ತರಿ ಕೊಡಸ್ರಿ ಸಾಹೇಬ್ರ, ದಿನಾ ನಗ್ತೀನಿ" ಅಂದೆ. ಡಬ್ಬಿ ನಜ್ಮಾಳಿಗೆ ಹೋಯಿತು. ಅವಳ ಹಲ್ಲು ಸ್ವಲ್ಪ ಮುಂದಿವೆ, ಅಳುವಾಗಲೂ ನಕ್ಕಂತೆ ಕಾಣುತ್ತಾಳೆ.

ಎಲ್ಲಕ್ಕಿಂತ ಮೈ ಉರಿಯುವುದು ಹಳ್ಳಿ ಕಡೆಯಿಂದ ಬರುವ ಚೀಟಿ ಕಂಡಾಗ. 'ಹೆಚ್ಚಿನ ಚಿಕಿತ್ಸೆಗಾಗಿ ಕಳಿಸಿದೆ'. ಮುಗಿಯಿತು. ಏನು ಕೊಟ್ಟರು, ಎಷ್ಟು ಕೊಟ್ಟರು, ಎಷ್ಟು ಹೊತ್ತಿಗೆ ಕೊಟ್ಟರು, ಒಂದಕ್ಷರ ಇಲ್ಲ. ನಾವೇನು ದೇವರೇ?

ಸುಖ ಎಂದರೆ ನಜ್ಮಾ ಒಬ್ಬಳು. ನಾನು ಕೈ ಚಾಚುವುದರೊಳಗೆ ಬೇಕಾದದ್ದು ಕೈಯಲ್ಲಿಡುತ್ತಾಳೆ. ಇಷ್ಟು ಸಾಕೇ ಅಕ್ಕ? ನನಗೆ ಸಾಕಾಗಿದೆ. ನನ್ನ ಸಹಿ ಹಾಕಿದ ಅರ್ಜಿ ಇದರೊಳಗಿದೆ. ಇಷ್ಟೆಲ್ಲ ಓದಿದ ಮೇಲೆ ನೀನು ಹರಿದು ಹಾಕಿದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಳ್ಳುತ್ತೇನೆ, ಆದರೆ ಹೇಳುವುದಿಲ್ಲ.

ಪುತಳಾ

*

ಕಮಲಾಪುರ
9 ಏಪ್ರಿಲ್ 1996

ಪ್ರೀತಿಯ ಪುತಳಾ,

ಸಹಿ ಹಾಕಿ ಆಫೀಸಿಗೆ ಕಳಿಸಿದ್ದೇನೆ. ಮಗಳ ಮುಂದೆ ನಿನ್ನ ಕ್ಯಾಜುಯಲ್ಟಿ ಯಾವ ಲೆಕ್ಕ. ಜಗದೇವಿ ಪರೀಕ್ಷೆ ಚೆನ್ನಾಗಿ ಬರೆದಿದ್ದಾಳೆ. ಶಹಾಬಜಾರದ ಕಡೆ ಎರಡು ಕೋಣೆಯ ಮನೆ ಇದ್ದರೆ ನೋಡಿಡು, ನೀರು ಇರಬೇಕು.

ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಾಳೆಹಣ್ಣು ಕಳಿಸಿದ್ದೇನೆ. ನಜ್ಮಾಳಿಗೂ ಕೊಡು. ಚೀಟಿಯ ವಿಷಯ ಬರೆದಿದ್ದೀಯ. ಚೀಟಿ ಬರೆಯುವವರಿಗೂ ಅವರವರ ಕಷ್ಟ ಇರುತ್ತದೆ ತಂಗಿ.

ಭಾಗಮ್ಮ

*

ಕಲಬುರಗಿ
24 ಏಪ್ರಿಲ್ 1996

ಭಾಗಕ್ಕ,

ಹಣ್ಣು ಮುಟ್ಟಿದವು. ಮನೆ ನೋಡಿದ್ದೇನೆ, ನೀರಿದೆ, ಮಾಲಕಿ ಇಕ್ಬಾಲ್ ಬೇಗಂ ಒಳ್ಳೆಯ ಹೆಂಗಸು. ಆ ಮಾತು ಹಾಗಿರಲಿ. ನಿನ್ನೆಯದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ತಲೆ ಒಡೆಯುತ್ತದೆ.

ಮಧ್ಯಾಹ್ನ ಎರಡು ಗಂಟೆಗೆ ಹಣಮಮ್ಮ ಎಂಬ ಹೆಣ್ಣುಮಗಳನ್ನು ತಂದರು. ಇಪ್ಪತ್ತೆರಡು ವರ್ಷ, ಹಿಡಿಯಷ್ಟು ಮೈ. ಫಿಟ್ಸ್ ಬಂದು ಕೈಕಾಲು ಸೆಟೆದು ನಡುಗುತ್ತಿದ್ದಳು. ನಿನ್ನ ಕಡೆಯ ಯಾವುದೋ ತಾಂಡಾದ ಹತ್ತಿರದ ಊರಂತೆ, ಬಾಡಿಗೆ ಟೆಂಪೋ ಮಾಡಿಕೊಂಡು ಬಂದಿದ್ದರು. ಚೀಟಿ ಏನೆಂದರೆ ಒಂದು ಬಿಳಿ ಹಾಳೆ. 'ದೊಡ್ಡ ದವಾಖಾನೆಗೆ ಕಳಿಸಿದೆ'. ಸಹಿ ಇಲ್ಲ, ದವಾಖಾನೆಯ ಸಿಕ್ಕೆ ಇಲ್ಲ. ಯಾವ ಪುಣ್ಯಾತ್ಗಿತ್ತಿ ಕಳಿಸಿದಳೋ. ನಿನ್ನ ಕೈಗಾದರೂ ಬಂದಿದ್ದರೆ ನೆಟ್ಟಗೆ ಬರೆದು ಕಳಿಸುತ್ತಿದ್ದೆ.

ಗಂಡ ಅಮೋಘಪ್ಪ ಮಂಚ ಬಿಟ್ಟು ಅಲುಗುವುದಿಲ್ಲ. "ಸಿಸ್ಟರ್, ಆಕಿ ಕೈ ನೋಡ್ರಿ, ಕೈ ನೋಡ್ರಿ" ಎಂದು ಒಂದೇ ಸಮನೆ ಒದರುತ್ತಾನೆ. ಆರು ವರ್ಷ ಇದೇ ಕೆಲಸ ಮಾಡಿದವಳಿಗೆ ಇವನು ಕೆಲಸ ಹೇಳಿಕೊಡುತ್ತಾನೆ ಎಂದು ಸಿಟ್ಟು ಬಂತು. ರಟ್ಟೆ ಹಿಡಿದು ಹೊರಗೆ ಹಾಕಿ ಬಾಗಿಲು ಹಾಕಿಕೊಂಡೆ. ಅವಳ ಕೈ ನೋಡಿದರೆ ಮುಂಗೈ ತುಂಬ ಬಾಲ್‌ಪೆನ್ನಿನ ಗೀಚು. ಮನೆಯಲ್ಲಿ ಕೂಸು ಗೀಚಿರಬೇಕು. ನರ ಕಾಣಲೆಂದು ಸ್ಪಿರಿಟ್ ಹಚ್ಚಿ ಸ್ವಚ್ಛ ಒರೆಸಿದೆ. ಡಾಕ್ಟರು ಹೇಳಿದಂತೆ ನಡುಕ ನಿಲ್ಲಿಸುವ ಡಯಾಜೆಪಾಮ್ ಇಂಜೆಕ್ಷನ್ ಕೊಟ್ಟೆ. ನಡುಕ ನಿಂತಿತು. ಎರಡು ನಿಮಿಷಕ್ಕೆ ಉಸಿರೂ ನಿಂತಿತು.

ಯಾಕೆ ನಿಂತಿತೋ ತಿಳಿಯಲಿಲ್ಲ ಅಕ್ಕ. ಅಷ್ಟೇ ಅಳತೆ ನೂರು ಜನಕ್ಕೆ ಕೊಟ್ಟಿದ್ದೇನೆ. ಬಾಯಿಗೆ ಅಂಬು ಬ್ಯಾಗ್ ಇಟ್ಟು, ಆ ರಬ್ಬರ್ ಚೀಲವನ್ನು ಒತ್ತಿ ಒತ್ತಿ ಉಸಿರು ತುಂಬಿದೆವು. ಒಂದೂವರೆ ಗಂಟೆ, ನಾನು ಸ್ವಲ್ಪ ಹೊತ್ತು, ನಜ್ಮಾ ಸ್ವಲ್ಪ ಹೊತ್ತು. ಇವತ್ತು ನನ್ನ ಬೆರಳು ಮಡಚಲು ಬರುವುದಿಲ್ಲ, ಅಕ್ಷರ ನೋಡಿದರೆ ಗೊತ್ತಾಗುತ್ತದೆ. ಆ ಒಂದೂವರೆ ಗಂಟೆಯೂ ಅವನು ಹೊರಗೆ ಬಾಗಿಲು ಬಡಿಯುತ್ತಲೇ ಇದ್ದ.

ಜೂನ್ ಯಾವಾಗ ಬರುತ್ತದೋ.

ಪುತಳಾ

*

ಕಮಲಾಪುರ
29 ಏಪ್ರಿಲ್ 1996

ಪುತಳಾ,

ಆ ಹೆಣ್ಣುಮಗಳು ಉಳಿದಳೋ ಇಲ್ಲವೋ ನೀನು ಬರೆಯಲೇ ಇಲ್ಲ. ಕೂಡಲೇ ಬರೆ.

ಭಾಗಮ್ಮ

*

ಕಲಬುರಗಿ
6 ಮೇ 1996

ಭಾಗಕ್ಕ,

ನಿನ್ನ ಕಾರ್ಡು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಬೆರಳು ಹೇಗಿದೆ ಎಂದಿಲ್ಲ, ಮನೆ ಗಟ್ಟಿ ಮಾಡಲೇ ಎಂದಿಲ್ಲ. ಯಾರೋ ಹಾದಿಯ ಹೆಂಗಸಿನ ವಿಚಾರ ಒಂದೇ. ಉಳಿದಳು. ಮೂರನೆಯ ದಿನ ಎದ್ದು ನಡೆದುಕೊಂಡೇ ಮನೆಗೆ ಹೋದಳು. ಗಂಡ ನನ್ನ ಮುಖ ಸಹ ನೋಡಲಿಲ್ಲ.

ಈಗ ಹೊಸ ತಲೆನೋವು. ರೋಗಿಯ ಉಸಿರು ಯಾಕೆ ನಿಂತಿತು ಎಂದು ಗುರುಲಿಂಗಪ್ಪನವರು ನನಗೆ ಮೆಮೋ ಕೊಟ್ಟಿದ್ದಾರೆ. ಇಪ್ಪತ್ತನೆಯ ತಾರೀಖಿನೊಳಗೆ ಉತ್ತರ ಬರೆಯಬೇಕು. ಡ್ಯೂಟಿ ಡಾಕ್ಟರು, "ರೋಗದ ತೀವ್ರತೆ ಅಂತ ಒಂದು ಸಾಲು ಬರೀರಿ, ಫೈಲು ಮುಚ್ಚಿ ಹೋಗ್ತದ" ಅಂದರು. ಹಾಗೇ ಬರೆಯುತ್ತೇನೆ. ನನಗೆ ಗೊತ್ತಿರುವುದೂ ಅಷ್ಟೇ. ಉತ್ತರ ಸರಿ ಇದ್ದರೆ ವಿಚಾರಣೆ ಇಲ್ಲ, ನಮ್ಮ ಅರ್ಜಿಗೆ ತೊಂದರೆ ಇಲ್ಲ. ಹೆದರಬೇಡ.

ಪುತಳಾ

*

ಕಮಲಾಪುರ
14 ಮೇ 1996

ಪುತಳಾ,

ನೀನು ಮೆಮೋಗೆ ಉತ್ತರ ಬರೆಯುವ ಮೊದಲು ಈ ಕಾಗದ ಮುಟ್ಟಲೆಂದು ನಬಿಸಾಬ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಒಬ್ಬಳೇ ಕುಳಿತು ಓದು.

ಹಣಮಮ್ಮನ ಕೈ ಮೇಲಿದ್ದುದು ಕೂಸಿನ ಗೀಚಲ್ಲ. ಅದು ನನ್ನ ಅಕ್ಷರ.

ನಮ್ಮ ಡಾಕ್ಟರು ಒಳ್ಳೆಯವರು ಎಂದು ಬರೆದಿದ್ದೆ. ಅಡ್ಡ ಬರುವುದಿಲ್ಲ ಎಂದೂ ಬರೆದಿದ್ದೆ. ಅಡ್ಡ ಬರಲು ಅವರು ಇಲ್ಲಿ ಇದ್ದರೆ ತಾನೇ. ವಾರಕ್ಕೆರಡು ದಿನ ಬಂದು ಹಾಜರಿ ಪುಸ್ತಕಕ್ಕೆ ಆರೂ ದಿನದ ಸಹಿ ಹಾಕಿ ಹೋಗುತ್ತಾರೆ. ಡಾಕ್ಟರರ ಅಪ್ಪಣೆಯಿಲ್ಲದೆ ನರ್ಸು ಇಂಜೆಕ್ಷನ್ ಕೊಟ್ಟರೆ ಕೆಲಸದಿಂದ ತೆಗೆಯುತ್ತೇವೆ ಎಂದು ಟ್ರಸ್ಟಿನ ಆದೇಶ ಇದೆ, ನಿನಗೂ ಗೊತ್ತು. ಕಣ್ಣೆದುರಿಗೆ ಹೆಣ್ಣುಮಗಳು ನಡುಗಿ ನಡುಗಿ ನೀಲಿಗಟ್ಟುವಾಗ ಆದೇಶ ಓದುತ್ತಾ ಕುಳಿತಿರಲೇ? ಕೊಡುತ್ತೇನೆ. ಕೊಟ್ಟಿದ್ದನ್ನು ಚೀಟಿಯಲ್ಲಿ ಬರೆದರೆ ಆ ಚೀಟಿ ನಿಮ್ಮ ಫೈಲಿಗೆ ಸೇರುತ್ತದೆ, ನನ್ನ ಕೆಲಸ ಹೋಗುತ್ತದೆ. ಬರೆಯದಿದ್ದರೆ ಮುಂದಿನವರಿಗೆ ತಿಳಿಯುವುದಿಲ್ಲ. ಅದಕ್ಕೇ ಕೈ ಮೇಲೆ ಬರೆಯುತ್ತೇನೆ. ಔಷಧಿಯ ಹೆಸರು, ಅಳತೆ, ಹೊತ್ತು. ಕೈ ಫೈಲಿಗೆ ಸೇರುವುದಿಲ್ಲ. ಜೊತೆಗೆ ಬಂದವರಿಗೆ, "ಅಲ್ಲಿ ಸಿಸ್ಟರ್‌ಗ ಕೈ ತೋರಸ್ರಿ" ಎಂದು ಹೇಳಿ ಕಳಿಸುತ್ತೇನೆ. ಎರಡು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ. ನೀವೆಲ್ಲ ಓದುತ್ತೀರಿ ಎಂದುಕೊಂಡಿದ್ದೆ.

ಅವಳಿಗೆ ಇಲ್ಲಿ ಹನ್ನೆರಡೂವರೆಗೆ ಅದೇ ಇಂಜೆಕ್ಷನ್ ಕೊಟ್ಟಿದ್ದೆ, ಅಷ್ಟೇ ಅಳತೆ. ನೀನು ಕೊಟ್ಟಿದ್ದು ಅದರ ಮೇಲೆ.

ನಿನ್ನ ಕಾಗದ ಬಂದಾಗ ಕಾರ್ಡಿನಲ್ಲೇ ಇದನ್ನೆಲ್ಲ ಬರೆಯಬೇಕಿತ್ತು. ಜಗದೇವಿಯ ಮುಖ ನೋಡಿ ಕೈ ಬರಲಿಲ್ಲ. ಈಗಲೂ ಹೇಳುತ್ತೇನೆ, ರೋಗದ ತೀವ್ರತೆ ಎಂದೇ ಬರೆದುಬಿಡು. ಅವಳು ಬದುಕಿದಳು. ಇನ್ನು ಮುಂದೆ ಕೈ ಓದಿ ಒರೆಸು, ಅಷ್ಟು ಸಾಕು. ಈ ಕಾಗದ ಹರಿದು ಒಲೆಗೆ ಹಾಕು. ಜೂನಿನಲ್ಲಿ ನಾನು ಬರುತ್ತೇನೆ, ನೀನು ಇಲ್ಲಿಗೆ ಬಾ.

ನಿನ್ನ ಅಕ್ಕ

*

ಕಲಬುರಗಿ
22 ಮೇ 1996

ಭಾಗಮ್ಮನವರಿಗೆ,

ಎರಡು ವರ್ಷ. ಎರಡು ವರ್ಷದಲ್ಲಿ ಕಮಲಾಪುರದ ಕಡೆಯಿಂದ ಎಷ್ಟು ಜನ ಬಂದಿದ್ದಾರೆ, ಎಷ್ಟು ಕೈ ಒರೆಸಿದ್ದೇನೆ ನಾನು? ಊಟಕ್ಕೆ ಕುಳಿತರೆ ಅವೇ ಕೈಗಳು ಬರುತ್ತವೆ. ಕೆಲವು ಮನೆಗೆ ಹೋದವು. ಕೆಲವು ಹೋಗಲಿಲ್ಲ. ಅದರಲ್ಲಿ ನಾನು ಒರೆಸಿದ್ದರಿಂದಲೇ ಮನೆಗೆ ಹೋಗದವು ಯಾವವು ಎಂದು ಯಾರು ಹೇಳಬೇಕು? ನಜ್ಮಾಳನ್ನು ಕೇಳಿದೆ. "ನಾನೂ ಒರಸೀನಿ ಪುತಳಾ, ಹೊಲಸು ಅಂತ ಒರಸೀನಿ" ಎಂದು ಅತ್ತಳು. ಒಂದು ಕಾರ್ಡು ಬರೆಯಲಿಕ್ಕೆ ಏನಾಗಿತ್ತು ನಿನಗೆ? ಎರಡು ವರ್ಷದಲ್ಲಿ ಒಂದು ಕಾರ್ಡು?

ನಿನ್ನನ್ನು ಬೈಯುವಾಗಲೆಲ್ಲ ಆ ಅಮೋಘಪ್ಪ ನೆನಪಾಗುತ್ತಾನೆ. ಅವನು ಹೇಳಿದ, ಒದರಿ ಹೇಳಿದ. ನಾನು ಬಾಗಿಲು ಹಾಕಿಕೊಂಡೆ. ಅದಕ್ಕೆ ನಿನ್ನನ್ನು ಬೈದರೆ ನನ್ನ ತಪ್ಪು ಕಡಿಮೆಯಾಗುವುದಿಲ್ಲ.

ಉತ್ತರ ಬರೆದು ಕೊಟ್ಟೆ. ಒಂದು ಸಾಲಲ್ಲ, ಒಂದೂವರೆ ಪುಟ. ಮೊದಲೇ ಕೊಟ್ಟಿದ್ದ ಔಷಧಿಯ ವಿವರ ರೋಗಿಯ ಕೈ ಮೇಲೆ ಬರೆದಿತ್ತು, ಅದನ್ನು ಓದದೆ ಒರೆಸಿದೆ, ಗಂಡ ಹೇಳಿದರೂ ಕೇಳದೆ ಹೊರಗೆ ಹಾಕಿದೆ, ಅದೇ ಔಷಧಿ ಎರಡನೆಯ ಸಲ ಹೋಯಿತು, ಆದ್ದರಿಂದ ಉಸಿರು ನಿಂತಿತು. ಗುರುಲಿಂಗಪ್ಪನವರು ಓದಿ ಕನ್ನಡಕ ತೆಗೆದರು. "ಇದನ್ನ ಯಾಕ ಬರದ್ರಿ? ಯಾರು ಕೇಳಿದ್ರು ನಿಮಗ?" ಅಂದರು. ನಾಳೆ ಇನ್ನೊಬ್ಬಳು ಒರೆಸಬಾರದು ಎಂದು ಬರೆದೆ ಅಂದೆ. ಕೈ ಮೇಲೆ ಬರೆದವರು ಯಾರು ಎಂದು ಕೇಳಿದರು. "ನಾ ಓದೂಕಿಂತ ಮೊದಲ ಒರಸೀನ್ರಿ, ಹೆಸರು ನೋಡ್ಲಿಲ್ಲ" ಅಂದೆ. ಅದು ಸುಳ್ಳಲ್ಲ. ಓದದವಳಿಗೆ ಏನು ಬರೆದಿತ್ತೆಂದು ಹೇಗೆ ಗೊತ್ತಾಯಿತು ಎಂದು ಕೇಳಿದರು, ಆಮೇಲೆ ತಿಳಿಯಿತು ಎಂದಷ್ಟೇ ಹೇಳಿದೆ.

ನನ್ನ ಮೇಲೆ ವಿಚಾರಣೆ ಇಟ್ಟಿದ್ದಾರೆ. ಅದಲುಬದಲು ಅರ್ಜಿ ಬಿತ್ತು. ಜಗದೇವಿಗೆ ಏನು ಹೇಳುತ್ತೀಯೋ ನನಗೆ ಗೊತ್ತಿಲ್ಲ. ನನ್ನ ಹೆಸರು ಹೇಳಿ ಬೈಯಲಿ. ಕಾಗದ ಒಲೆಗೆ ಹಾಕಿದ್ದೇನೆ.

ಪುತಳಾಬಾಯಿ

*

ಕಮಲಾಪುರ
5 ಜೂನ್ 1996

ಪುತಳಾ,

ಜಗದೇವಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಾಳೆ. ಎರಡು ದಿನದಿಂದ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಅವಳಪ್ಪ ನಿನ್ನೆ ಯಾವುದೋ ಗಂಡಿನ ಹೆಸರು ಎತ್ತಿದರು. ನಿನ್ನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ನಿನಗೆ ಯಾವಾಗಲೂ ಒಂದೂವರೆ ಪುಟವೇ ಬೇಕು.

ಆದರೆ ನೀನು ಬರೆದ ಒಂದು ಮಾತು ನನಗೆ ನಿದ್ದೆ ಕೊಡಲಿಲ್ಲ. ಹೆಸರು ನೋಡಲಿಲ್ಲ ಅಂದೆಯಲ್ಲ. ನನ್ನನ್ನು ಉಳಿಸಲೆಂದೇ ಹಾಗೆ ಹೇಳಿದ್ದೀಯ, ಗೊತ್ತು. ಹದಿನೇಳು ವರ್ಷ ಈ ಕೆಲಸ ಮಾಡಿದ್ದೇನೆ. ಡಾಕ್ಟರಿಲ್ಲದ ಊರಿನಲ್ಲಿ ಹಾವು ಕಚ್ಚಿದವರನ್ನು, ಬಾಣಂತಿಯರನ್ನು, ಫಿಟ್ಸಿನವರನ್ನು ನಾನೊಬ್ಬಳೇ ನೋಡಿದ್ದೇನೆ. ಚೀಟಿಗೂ ಹೆಸರು ಹಾಕಲಿಲ್ಲ, ಕೈಗೂ ಹಾಕಲಿಲ್ಲ. ಈಗ ವಿಚಾರಣೆಯಲ್ಲೂ ನನಗೆ ಹೆಸರಿಲ್ಲವೆಂದರೆ ಈ ಹದಿನೇಳು ವರ್ಷ ಇಲ್ಲಿ ಕೆಲಸ ಮಾಡಿದವಳು ಯಾರು?

ನಾನೂ ಬರೆದು ಕಳಿಸಿದೆ. ಎರಡು ಪುಟ. ಔಷಧಿ ಕೊಟ್ಟವಳು ನಾನು, ಕೈ ಮೇಲೆ ಬರೆದವಳು ನಾನು, ಯಾಕೆ ಬರೆದೆ ಎಂಬುದೂ ಇದೆ. ಡಾಕ್ಟರರು ಇಲ್ಲದ ದಿನಗಳ ತಾರೀಖು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದೆ, ಆ ಹಾಳೆಗಳನ್ನೂ ಹರಿದು ಲಗತ್ತಿಸಿದ್ದೇನೆ. ಕೆಲಸ ಹೋದರೆ ಹೋಗಲಿ. ನನಗೆ ಬುದ್ಧಿ ಹೇಳಿ ಕಾಗದ ಬರೆಯಬೇಡ, ಓದುವುದಿಲ್ಲ.

ಭಾಗಮ್ಮ

*

ಕಲಬುರಗಿ
17 ಜೂನ್ 1996

ಭಾಗಕ್ಕ,

ಬುದ್ಧಿ ಹೇಳುತ್ತಿಲ್ಲ, ಓದು.

ಇಪ್ಪತ್ತಾರಕ್ಕೆ ವಿಚಾರಣೆ. ನಿನ್ನನ್ನೂ ನನ್ನನ್ನೂ ಒಂದೇ ದಿನ ಕರೆದಿದ್ದಾರೆ, ನಿಮ್ಮ ಡಾಕ್ಟರರನ್ನೂ ಕರೆದಿದ್ದಾರೆ. ನಿನ್ನ ಕ್ಯಾಲೆಂಡರ್ ಹಾಳೆ ನೋಡಿದ ಮೇಲೆ ಗುರುಲಿಂಗಪ್ಪನವರು ಯಾರಿಗೂ ನಗಿರಿ ಎನ್ನುತ್ತಿಲ್ಲ. ಏನಾಗುತ್ತದೋ ನನಗೆ ಗೊತ್ತಿಲ್ಲ. ಇಬ್ಬರ ಕೆಲಸವೂ ಹೋಗಬಹುದು, ಇಬ್ಬರದೂ ಉಳಿಯಬಹುದು. ಅದಲುಬದಲು ಮಾತ್ರ ಈ ಜನ್ಮದಲ್ಲಿ ಆಗುವುದಿಲ್ಲ ಎಂದು ಆಫೀಸಿನ ಜಹೀರುದ್ದೀನ್ ಹೇಳಿದ.

ಮೊನ್ನೆ ನಿಮ್ಮ ಕಡೆಯಿಂದ ಒಬ್ಬ ಮುದುಕ ಬಂದ, ಪೀರಪ್ಪ ಅಂತ. ಬೆಳೆಗೆ ಹೊಡೆಯುವ ವಿಷದ ಎಣ್ಣೆ ಮೈಮೇಲೆ ಚೆಲ್ಲಿಕೊಂಡು ಬಾಯಲ್ಲಿ ನೊರೆ ಬರುತ್ತಿತ್ತು. ನಜ್ಮಾ ಸ್ಪಿರಿಟ್ ಹಿಡಿದವಳು ತಟ್ಟನೆ ನಿಂತಳು. ಕೈ ತಿರುಗಿಸಿ ಓದಿದೆ. ನಿನ್ನ ಅಕ್ಷರ ಬಹಳ ಕೆಟ್ಟದು ಅಕ್ಕ, ಬೆವರಿಗೆ ಅರ್ಧ ಹರಡಿತ್ತು. ಆದರೂ ಏನು, ಎಷ್ಟು, ಯಾವಾಗ ಎಲ್ಲ ತಿಳಿಯಿತು. ಕೆಳಗೆ ನಿನ್ನ ಹೆಸರೂ ಇತ್ತು. ಡಾಕ್ಟರಿಗೆ ಓದಿ ಹೇಳಿದೆ, ಅವರು ಅದಕ್ಕೆ ತಕ್ಕಂತೆ ಮುಂದಿನದು ಹೇಳಿದರು. ಮರುದಿನ ಸಂಜೆ ಮುದುಕ ಎದ್ದು ಕುಳಿತು, "ಚಾ ಕುಡಸ್ರಿ, ಈ ಊರಿಗಿ ಬಂದು ಎಲ್ಡ ದಿನ ಆತು, ಯಾರೂ ಒಂದ್ ಕಪ್ ಚಾ ಕೇಳಂಗಿಲ್ಲ" ಎಂದು ನನ್ನನ್ನೇ ಜೋರು ಮಾಡಿದ. ನಜ್ಮಾ ತಂದುಕೊಟ್ಟಳು. ಮೂವರೂ ಕುಡಿದೆವು. ನೀನು ಮಾರ್ಚಿನಲ್ಲಿ ಕೇಳಿದ್ದೆ, ನನಗೆ ಉತ್ತರ ಗೊತ್ತಿರಲಿಲ್ಲ. ಆ ಚಹಾ ಕುಡಿಯುವಾಗ ನನಗೆ ಸುಖವಾಯಿತು. ನಾಳೆ ಮತ್ತೆ ಕತ್ತರಿ ಇರುವುದಿಲ್ಲ, ಮತ್ತೆ ಒದರುತ್ತೇನೆ, ಅದು ಬೇರೆ ಮಾತು.

ಇನ್ನೊಂದು ವಿಷಯ. ಇಪ್ಪತ್ತಾರಕ್ಕೆ ಬರುವಾಗ ಜಗದೇವಿಯನ್ನು ಕರೆದುಕೊಂಡು ಬಾ, ಅವಳ ಅಂಕಪಟ್ಟಿಯನ್ನೂ ತಾ. ಕಾಲೇಜಿನ ಅರ್ಜಿ ತಂದಿಟ್ಟಿದ್ದೇನೆ. ಅವಳು ನಮ್ಮ ಮನೆಯಲ್ಲಿ ಇರಲಿ. ನನ್ನ ಗಂಡ ನಿಂಗಣ್ಣ ಬೆಳಿಗ್ಗೆ ದಾಲ್ ಮಿಲ್ಲಿಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಅತ್ತೆ ಯಮನಮ್ಮ ಮನೆಯಲ್ಲಿ ಒಬ್ಬರೇ ಇರುತ್ತಾರೆ, ಮಾತಾಡಲು ಮನುಷ್ಯರಿಲ್ಲದೆ ಕೋಳಿಗಳ ಜೊತೆ ಜಗಳಾಡುತ್ತಾರೆ. ಅವರ ಕೋಣೆಯಲ್ಲೇ ಇನ್ನೊಂದು ಮಂಚ ಹಾಕಿಸಿದೆ. ನಿನ್ನ ಯಜಮಾನರಿಗೆ ಹೇಳು, ಇದು ಹಾಸ್ಟೆಲಲ್ಲ, ಚಿಕ್ಕಮ್ಮನ ಮನೆ. ಬೇಕಾದರೆ ಅವರೂ ಬಂದು ನೋಡಿ ಹೋಗಲಿ, ಅತ್ತೆಯೊಡನೆ ಮಾತಾಡಲಿ. ಅತ್ತೆಯೊಡನೆ ಮಾತಾಡಿದ ಗಂಡಸು ಎರಡನೆಯ ಸಲ ಇಲ್ಲ ಎಂದದ್ದನ್ನು ನಾನು ನೋಡಿಲ್ಲ.

ಜಗದೇವಿಗೆ ಒಂದು ಮಾತು ಮೊದಲೇ ತಿಳಿಸಿ ಕರೆದುಕೊಂಡು ಬಾ. ಚಿಕ್ಕಮ್ಮ ಡ್ಯೂಟಿ ಮುಗಿಸಿ ಬಂದ ಮೊದಲ ಅರ್ಧ ಗಂಟೆ ಎಲ್ಲರ ಮೇಲೂ ಹರಿಹಾಯುತ್ತಾಳೆ, ತಲೆಗೆ ಹಚ್ಚಿಕೊಳ್ಳಬಾರದು. ಆಮೇಲೆ ಊಟಕ್ಕೆ ಕರೆಯುತ್ತಾಳೆ.

ಪುತಳಾ